ಕಂಬಳಿಗೆ ಕತ್ತರಿ ಹಾಕಿಸದ ಮೇಷ್ಟ್ರು

ಗಣಿತದ ಮೇಷ್ಟ್ರು ತೀರಿಕೊಂಡ ಮೇಲೆ ನಾವು ನಿವೃತ್ತ ಶಿಕ್ಷಕರೆಲ್ಲ ಸೇರಿ ಚಿತ್ರದುರ್ಗದಲ್ಲಿ ಒಂದು ಸಂತಾಪ ಸಭೆ ಮಾಡಿದೆವು. ಎದ್ದು ನಿಂತವರೆಲ್ಲ "ಅವರು ಯಾರ ಮನಸ್ಸನ್ನೂ ನೋಯಿಸಿದವರಲ್ಲ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಲ್ಲಿ ಕೂತಿದ್ದ ಒಬ್ಬೊಬ್ಬರ ಮನಸ್ಸನ್ನೂ ಅವರು ನೋಯಿಸಿದ್ದರು, ಅದೂ ಯಾರಿಗೂ ಸರದಿ ತಪ್ಪಿಸದೆ. ಹಾರ ಹಾಕಿದ್ದ ಅವರ ಫೋಟೋ ಗೋಡೆಯ ಮೇಲೆ ಕೊಂಚ ಎಡಕ್ಕೆ ವಾಲಿತ್ತು. ಸಾಧ್ಯವಿದ್ದಿದ್ದರೆ ಅವರೇ ಇಳಿದು ಬಂದು ಅದನ್ನು ನೆಟ್ಟಗೆ ಮಾಡಿ, "ಮೊಳೆ ಹೊಡೆದೋನು ಯಾವನಪ್ಪ?" ಎಂದು ಕೇಳಿ, ಮತ್ತೆ ಹೋಗಿ ಒಳಗೆ ಕೂರುತ್ತಿದ್ದರು.

ನನ್ನ ಸರದಿ ಬಂದಾಗ ನಾನೂ ಎದ್ದು, ಅಭ್ಯಾಸಬಲದಿಂದ ಎರಡು ತಮಾಷೆ ಹೇಳಿ, ಎಲ್ಲರನ್ನೂ ನಗಿಸಿ ಕೂತುಬಿಟ್ಟೆ. ಹೇಳಬೇಕಾಗಿದ್ದದ್ದು ಬೇರೆ. ಅದಕ್ಕೆ ಯಾರೂ ನಗುತ್ತಿರಲಿಲ್ಲ. ಸಭೆಯಲ್ಲಿ ಜನರನ್ನು ನಗಿಸದೆ ಕೂತು ನನಗೆ ರೂಢಿಯಿಲ್ಲ, ಅದಕ್ಕೇ ಅಲ್ಲಿ ನುಂಗಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಕೊಳ್ಳಬೇಕು, ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ? ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ನಾನು ಕ್ರಾಫ್ಟ್ ಮೇಷ್ಟ್ರಾಗಿದ್ದೆ, ಗಣಿತದ ಮೇಷ್ಟ್ರು ಇದ್ದದ್ದೂ ಅಲ್ಲೇ. ಪುಸ್ತಕದ ಬೈಂಡಿಂಗ್, ಹೊಲಿಗೆ, ನೇಯ್ಗೆ, ರಟ್ಟಿನ ಕೆಲಸ, ಯಾವುದಾದರೂ ಸರಿ, ದುರ್ಗದಿಂದ ಹೊಸದುರ್ಗದವರೆಗೆ ನನ್ನಂಥ ಕೈ ಇನ್ನೊಂದಿರಲಿಲ್ಲ. ನನ್ನಂಥ ಕಿತಾಪತಿಯೂ ಇನ್ನೊಬ್ಬನಿರಲಿಲ್ಲ ಎನ್ನಿ. ಹೆಡ್ಮಾಸ್ಟರ ಕುರ್ಚಿಯ ನಾಲ್ಕೂ ಕಾಲುಗಳನ್ನು ದಿನಕ್ಕೆ ಒಂದು ನೂಲಿನಷ್ಟು ಉಜ್ಜುತ್ತಾ ಹೋಗಿ, ತಮಗೆ ವಯಸ್ಸಾಗಿ ಬೆನ್ನು ಕುಗ್ಗುತ್ತಿದೆ ಎಂದು ಅವರು ಡಾಕ್ಟರ ಹತ್ತಿರ ಹೋಗುವಂತೆ ಮಾಡಿದವನು ನಾನು.

ಗಣಿತದ ಮೇಷ್ಟ್ರ ಮೇಲೂ ಒಂದು ಪ್ರಯೋಗ ಮಾಡಿದ್ದೆ. ಅವರ ಸೀಮೆಸುಣ್ಣದ ಡಬ್ಬಿಯಲ್ಲಿ ಸುಣ್ಣದ ಬದಲು ಬಿಳಿ ಮೇಣದ ಕಡ್ಡಿಗಳನ್ನು ಇಟ್ಟು, ಪಕ್ಕದ ಕೋಣೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅವರು ಬೋರ್ಡಿನ ಮೇಲೆ ಬರೆದರು, ಏನೂ ಮೂಡಲಿಲ್ಲ. ಕಡ್ಡಿಯನ್ನೊಮ್ಮೆ ಮೂಸಿ ನೋಡಿದರು. ಆಮೇಲೆ ಏನೂ ಆಗಿಲ್ಲವೆಂಬಂತೆ ಒಂದಿಡೀ ಪ್ರಮೇಯವನ್ನು ಕಾಣದ ಅಕ್ಷರದಲ್ಲೇ ಬರೆದು ಮುಗಿಸಿ, ಬಾಯಲ್ಲಿ ಜೋರಾಗಿ ಹೇಳುತ್ತಾ ಹುಡುಗರಿಂದ ಬರೆಸಿದರು. ಗಂಟೆ ಹೊಡೆದ ಮೇಲೆ ನನ್ನ ಕೋಣೆಗೆ ಬಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ಕ್ರಾಫ್ಟು, ಮೇಣ ಎರೆದಿದ್ದು ನೀನೇ ತಾನೇ?"

"ಯಾಕ್ ಸಾ, ನನ್ ಹೆಸರು ಬರೆದೈತೇನು ಅದರ ಮ್ಯಾಲೆ?"

"ಬರೆದಂಗೇ ಐತಪ್ಪ. ಒಂದು ಉದ್ದ, ಒಂದು ಗಿಡ್ಡ. ಮೋಸನಾದ್ರೂ ಅಳತೆಯಾಗೆ ಮಾಡಬಾರದೇನೋ?"

ಅವರು ಅಂಥವರು. ಶಾಲೆಯ ವಸ್ತುಪ್ರದರ್ಶನಕ್ಕೆ ಬಂದ ಇನ್ಸ್‌ಪೆಕ್ಟರು ನನ್ನ ಕೆಲಸ ನೋಡಿ ಕೈಕುಲುಕಿ ಹೋದರೆ, ಹಿಂದಿನಿಂದ ಇವರು ಬಂದು ಬಗ್ಗಿ, ಕನ್ನಡಕ ಏರಿಸಿ, "ಎಡಗಡೆ ಅಂಚು ಒಂದೆಳೆ ಜಾಸ್ತಿ" ಎನ್ನುವರು. ನಾನು ಅಳೆದು ನೋಡಿದರೆ ನಿಜಕ್ಕೂ ಒಂದೆಳೆ ಜಾಸ್ತಿಯೇ ಇರುತ್ತಿತ್ತು. "ಸರಿ ಅನ್ನೋದು ಒಂದೇ ಇರ್ತೈತೆ ಕಣಪ್ಪ, ತಪ್ಪು ಊರು ತುಂಬ ಇರ್ತವೆ" ಎಂಬುದು ಅವರ ಮಾತು. ಜಿಲ್ಲೆಯೆಲ್ಲ ಹೊಗಳಿದ ನನ್ನ ಕೈಕೆಲಸಕ್ಕೆ ಅವರ ಬಾಯಿಂದ ಮಾತ್ರ 'ಚೆನ್ನಾಗೈತೆ' ಎಂಬ ಮಾತು ಯಾವತ್ತೂ ಬರಲಿಲ್ಲ. ಇಬ್ಬರೂ ನಿವೃತ್ತರಾದರೂ ಬರಲಿಲ್ಲ.

ಹೊಸದುರ್ಗದ ಕಡೆಯ ಕುರಿ ಸಾಕುವ ಮನೆಯವರು ಅವರು. ಚಳಿಗಾಲದಲ್ಲಿ ಕರಿಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಸ್ಟಾಫ್‌ರೂಮಿಗೆ ಬರುತ್ತಿದ್ದರು. ಹೊಸದಾಗಿ ಬಂದ ಇಂಗ್ಲಿಷ್ ಮೇಷ್ಟ್ರೊಬ್ಬರು ಒಂದು ಕೋಟು ಹೊಲಿಸಿಕೊಳ್ಳಬಾರದೇ ಎಂದು ಕೇಳಿದ್ದಕ್ಕೆ, "ಕೋಟಿಗೆ ಗುಂಡಿ ಬೇಕು, ಕಿಸೆ ಬೇಕು, ಇಸ್ತ್ರಿ ಬೇಕು. ಇದಕ್ಕೆ ಹೆಗಲೊಂದಿದ್ರೆ ಸಾಕು" ಎಂದರು. ಆ ಇಂಗ್ಲಿಷ್ ಮೇಷ್ಟ್ರು ಮುಂದೆ ಕೋಟು ಹಾಕಿಕೊಂಡು ಬಂದದ್ದನ್ನು ನಾನಂತೂ ನೋಡಲಿಲ್ಲ.

ನಿವೃತ್ತಿಯ ಮೇಲೆ ಅವರು ಚಿತ್ರದುರ್ಗದಲ್ಲಿ ಚಂದ್ರವಳ್ಳಿಗೆ ಹೋಗುವ ದಾರಿಯಲ್ಲೊಂದು ಮನೆ ಮಾಡಿದರು. ನಾನೂ ಅದೇ ಊರಿಗೆ ಬಂದು ಬಿದ್ದೆ. ಸಂಜೆಯಾದರೆ ಅವರ ಮನೆಯ ಜಗಲಿಯ ಮೇಲೆ ಕೂತು ಅವರನ್ನು ಕೆಣಕುವುದು, ಅವರು ನನ್ನನ್ನು ತಿದ್ದುವುದು. ಅವರಿಗೆ ಬದುಕಿನಲ್ಲಿ ಇದ್ದ ಒಂದೇ ಚಟ ಓದು. ಲೆಕ್ಕದ ಪುಸ್ತಕ, ಕಾದಂಬರಿ, ಬಾವಿ ತೋಡುವುದರ ಬಗ್ಗೆ ಯಾರೋ ಬರೆದದ್ದು, ಏನಾದರೂ ಸರಿ. ಓದುತ್ತಾ ಓದುತ್ತಾ ಅಚ್ಚಿನ ತಪ್ಪುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕುವರು.

ಸಕ್ಕರೆ ಕಾಯಿಲೆ ಆ ಓದಿಗೇ ಕೈ ಹಾಕಿತು. ಕಣ್ಣನ್ನು ಅಷ್ಟಾಗಿ ಕಾಡಲಿಲ್ಲ, ಬೆರಳ ತುದಿಗಳನ್ನು ಹಿಡಿಯಿತು. ಜೋಮು ಬಂದು ಬೆರಳಿಗೆ ಸ್ಪರ್ಶವೇ ತಿಳಿಯದಾಯಿತು. ಹಾಳೆ ಮಗುಚಲು ಹೋದರೆ ನಾಲ್ಕು ಹಾಳೆ ಒಟ್ಟಿಗೆ ಮಗುಚಿಕೊಳ್ಳುವುದು. ಕೈಯಲ್ಲಿದ್ದ ಪುಸ್ತಕ ಯಾವಾಗ ಜಾರಿತೆಂದು ಅದು ನೆಲಕ್ಕೆ ಬಿದ್ದ ಸದ್ದಿನಿಂದಲೇ ಗೊತ್ತಾಗಬೇಕು. ದಾವಣಗೆರೆಯಲ್ಲಿ ಲೆಕ್ಚರರ್ ಆಗಿದ್ದ ಮಗಳು ಅಪ್ಪನ ಕಷ್ಟ ನೋಡಿ ಒಂದು ಇ-ರೀಡರ್ ತಂದುಕೊಟ್ಟಳು. ಹಾಳೆ ಮಗುಚುವ ಕೆಲಸವಿಲ್ಲ, ಬೆರಳು ತಾಗಿಸಿದರೆ ಸಾಕು, ಅಕ್ಷರವನ್ನೂ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಮೇಷ್ಟ್ರು ಅದನ್ನು 'ಸ್ಲೇಟು' ಎಂದು ಕರೆದರು. ಇಷ್ಟಪಟ್ಟರು. ಆದರೆ ಆ ಸ್ಲೇಟು ತೆಳ್ಳಗೆ, ನುಣ್ಣಗೆ, ಸಾಬೂನಿನ ಬಿಲ್ಲೆಯ ಹಾಗೆ ಜಾರುತ್ತಿತ್ತು. ಒಂದು ಸಲ ಜಗಲಿಯಿಂದ ಅಂಗಳಕ್ಕೆ ಬಿದ್ದು ಅದರ ಮೂಲೆ ಒಡೆಯಿತು. ಇನ್ನೊಂದು ಸಲ ಬಿದ್ದರೆ ಮುಗಿಯಿತು ಎಂದು ಮಗಳು ಹೇಳಿದ್ದಳು. ಅಂಗಡಿಯ ಕವರನ್ನೂ ತರಿಸಿ ನೋಡಿದರು. ಅದು ಸ್ಲೇಟಿಗಿಂತ ನುಣ್ಣಗಿತ್ತು.

ಆ ಸಂಜೆ ಮೇಷ್ಟ್ರು ನನ್ನ ಮುಖ ನೋಡದೆ ಕೇಳಿದರು.

"ಕ್ರಾಫ್ಟು, ನೀನೊಂದು ಕವರು ಹೊಲಿದು ಕೊಡ್ತೀಯೇನಪ್ಪ? ಮುಟ್ಟಿದ್ರೆ ಕೈಯಾಗೆ ಐತೆ ಅಂತ ಗೊತ್ತಾಗಬೇಕು. ಅಷ್ಟು ಗೊತ್ತಾದ್ರೆ ಬಿಗಿಯಾಗಿ ಹಿಡ್ಕಂತೀನಿ. ಇಲ್ದಿದ್ರೆ ನನ್ನ ಓದು ಇಲ್ಲಿಗೆ ಮುಗೀತು."

ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಎದೆ ಉಬ್ಬಿಸಿ, "ಸಾ, ನೀವು ಕೇಳ್ತಿರೋದು ಯಾರನ್ನ? ಕತ್ತಲೆಯಾಗೂ ಕೈಬಿಟ್ಟು ಹೋಗದಂಗೆ ಹೊಲಿದು ಕೊಡ್ತೀನಿ" ಎಂದೆ.

ಒಳಗಿನಿಂದ ಅವರ ಮನೆಯವರು, ನಾವೆಲ್ಲ ಅಕ್ಕ ಎನ್ನುತ್ತಿದ್ದೆವು, ಕೂಗಿದರು. "ನೋಡಪ್ಪ, ನನ್ನ ನೋಡಾಕೆ ಬಂದಾಗ ಒಂದ್ ಗಳಿಗೆಗೆ ಒಪ್ಕಂಡೋರು ಇವ್ರು. ಈ ಕವರಿಗೆ ಎಷ್ಟು ವರ್ಷ ಮಾಡ್ತಾರೋ!"

ಅಕ್ಕನ ಮಾತು ಸುಳ್ಳಾಗಲಿಲ್ಲ. ನಾನು ತಂದ ಪ್ರತಿ ತುಂಡಿಗೂ ಪರೀಕ್ಷೆ ನಡೆಯುತ್ತಿತ್ತು. ಮೇಷ್ಟ್ರು ಕಣ್ಣು ಮುಚ್ಚಿ, ಅಂಗೈ ಚಾಚಿ ಕೂರಬೇಕು. ನಾನು ಇಡಬೇಕು. ಅವರು ಹೆಬ್ಬೆರಳನ್ನು ಅದರ ಮೇಲೆ ನಿಧಾನವಾಗಿ ಸುತ್ತು ತಿರುಗಿಸಿ ತೀರ್ಪು ಕೊಡಬೇಕು. ಸ್ಕೂಟರ್ ಸೀಟಿನ ರೆಕ್ಸಿನ್ ಇಟ್ಟೆ. "ಏನಾದ್ರೂ ಇಟ್ಟೇನೋ ಇಲ್ಲವೋ?" ಎಂದರು. ಮೊಳಕಾಲ್ಮೂರು ರೇಷ್ಮೆಯ ಚೂರೊಂದನ್ನು ನನ್ನ ಹೆಂಡತಿಯ ಪೆಟ್ಟಿಗೆಯಿಂದ ಕದ್ದು ತಂದೆ. ಅದಕ್ಕೂ ಅದೇ ಪ್ರಶ್ನೆ. ಹಿರಿಯೂರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಹದ ಮಾಡಿದ ಚರ್ಮ ತಂದೆ. "ತೂಕ ಗೊತ್ತಾಗ್ತೈತೆ, ಮೈ ಗೊತ್ತಾಗಲ್ಲ" ಎಂದರು. ಅಲ್ಲಿಂದಲೇ ತೆಂಗಿನ ನಾರಿನ ಚಾಪೆಯ ತುಂಡು ತಂದೆ. ಅದನ್ನು ಮುಟ್ಟಿದಾಗ ಮೇಷ್ಟ್ರ ಮುಖ ಅರಳಿತು, "ಹಾಂ, ಇದು ಐತೆ!" ಎಂದರು. ಆದರೆ ಅಕ್ಕ ಬಂದು ಅವರ ಹೆಬ್ಬೆರಳು ನೋಡಿದರೆ ನಾರು ಗೀರಿ ರಕ್ತ ಬಂದಿತ್ತು. ಅವರಿಗೆ ಅದು ತಿಳಿದೇ ಇರಲಿಲ್ಲ. ಸಕ್ಕರೆಯವರ ಗಾಯ ಬೇಗ ಮಾಯುವುದಿಲ್ಲ. ಅಕ್ಕ ಆ ನಾರನ್ನು ಒಲೆಗೆ ಹಾಕಿದರು, ಅದರ ಬೆನ್ನಿಗೇ ನನ್ನನ್ನೂ ಹಾಕುವವರಂತೆ ನೋಡಿದರು.

ಅಲ್ಲಿಗೆ ಕೆಲಸ ಎಷ್ಟು ಸೂಕ್ಷ್ಮದ್ದು ಎಂದು ನನಗೆ ಗೊತ್ತಾಯಿತು. ಬೆರಳಿಗೆ ತಿಳಿಯುವಷ್ಟು ಒರಟಾಗಿರಬೇಕು, ಗಾಯ ಮಾಡುವಷ್ಟು ಒರಟಾಗಿರಬಾರದು.

ಮಾರನೇ ದಿನ ಅವರು ಬಾಡಿ ಕೂತಿದ್ದರು. ಕೈ ಚಾಚಿ ಎಂದೆ. ಚಾಚಿದರು. ನಾನು ಬಗ್ಗಿ ನನ್ನ ಬೋಳು ತಲೆಯನ್ನೇ ಅವರ ಅಂಗೈಗೆ ಕೊಟ್ಟೆ. ಹೆಬ್ಬೆರಳು ಒಂದು ಸುತ್ತು ತಿರುಗಿತು, ನಿಂತಿತು.

"ಇದು ಬ್ಯಾಡಪ್ಪ. ಮ್ಯಾಲೆ ಜಾರ್ತೈತೆ, ಒಳಗೆ ಪೊಳ್ಳು."

ಅಕ್ಕ ನಕ್ಕ ನಗುವಿಗೆ ಪಕ್ಕದ ಮನೆಯವರು ಬಾಗಿಲು ತೆಗೆದು ನೋಡಿದರು. ಮೇಷ್ಟ್ರು ಮಾತ್ರ ನಗಲಿಲ್ಲ. ಆದರೆ ಆ ದಿನ ನನಗೆ ಎರಡನೇ ಸಲ ಟೀ ಬಂತು.

ಇದೆಲ್ಲ ನಡೆಯುತ್ತಿದ್ದಾಗ ಅವರ ಹೆಗಲ ಮೇಲೆ ಕಂಬಳಿ ಇತ್ತು. ಮಾತಾಡುತ್ತಾ ಅವರ ಹೆಬ್ಬೆರಳು ತನ್ನಷ್ಟಕ್ಕೆ ಅದರ ಅಂಚನ್ನು ಸವರುತ್ತಿರುವುದನ್ನು ಒಂದು ಸಂಜೆ ನೋಡಿದೆ.

"ಸಾ, ಇಡೀ ಜಿಲ್ಲೆ ಯಾಕೆ ಸುತ್ತಬೇಕು? ಇದನ್ನೇ ಒಂದು ಗೇಣು ಕತ್ತರಿಸಾಣ."

ಅವರು ಕಂಬಳಿಯನ್ನು ಎಳೆದುಕೊಂಡ ರೀತಿ ನೋಡಬೇಕಿತ್ತು, ಮಗುವನ್ನೇ ಕೊಡಿ ಎಂದು ಕೇಳಿದೆನೇನೋ ಎಂಬಂತೆ.

"ಕತ್ತರಿ ಹೆಸರು ಎತ್ತಬ್ಯಾಡ. ನಮ್ಮ ಮನೆಯಾಗೆ ಕಂಬಳಿಗೆ ಕತ್ತರಿ ಹಾಕಲ್ಲ. ದೇವರು ಕೂರೋದು ಇದರ ಮ್ಯಾಲೆ. ಮದುವ್ಯಾಗೆ ನಾನು ಇವಳು ಕುಂತಿದ್ದು ಇದರ ಮ್ಯಾಲೆ. ಹರಿದ್ರೆ ಹೊಲೀತೀವಿ, ಸವೆದ್ರೆ ಬಿಡ್ತೀವಿ. ಕತ್ತರಿಸಲ್ಲ."

ರಾಹುಕಾಲಕ್ಕೆ ನಗುವ ಮನುಷ್ಯ, ಗ್ರಹಣದ ದಿನ ಹುಡುಗರನ್ನು ಬಯಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ತಿನ್ನಿಸಿದ ಮನುಷ್ಯ! ನಾನು ಬಿಡುತ್ತೇನೆಯೇ? "ಹೊಸದೊಂದು ಕೊಂಡು ಕತ್ತರಿಸಾಣ, ಅದರ ಮ್ಯಾಲೆ ಯಾವ ದೇವರೂ ಇನ್ನೂ ಕುಂತಿರಲ್ಲ" ಎಂದೆ. "ಕೂರೋದಿರ್ತೈತಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ದಾರಿ ಹುಡುಕಿದರು. ಸ್ಲೇಟಿನ ಅಗಲಕ್ಕೇ ಒಂದು ಪಟ್ಟಿ ನೇಯಿಸಿದರೆ ಕತ್ತರಿಯ ಕೆಲಸವೇ ಇಲ್ಲ.

ಹಾಗಾಗಿ ನಾವಿಬ್ಬರೂ ಬಸ್ಸು ಹತ್ತಿ ಹೊಸದುರ್ಗದ ಕಡೆಯ ಅವರ ಊರಿಗೆ ಹೋದೆವು. ಕಿಟಕಿಯ ಪಕ್ಕ ಕೂತ ಮೇಷ್ಟ್ರು ದಾರಿಯುದ್ದಕ್ಕೂ ಸ್ಲೇಟನ್ನು ಎರಡು ಕೈಯಿಂದ ಎದೆಗೆ ಒತ್ತಿ ಹಿಡಿದಿದ್ದರು. ಅಲ್ಲಿ ಅವರ ಪರಿಚಯದ ಅಜ್ಜನೊಬ್ಬ ಇನ್ನೂ ಗುಂಡಿಮಗ್ಗದಲ್ಲಿ ಕಂಬಳಿ ನೇಯುತ್ತಿದ್ದ. ಅಳತೆ ಕೇಳಿ ಅವನು ಮಗ್ಗದಿಂದ ತಲೆ ಎತ್ತಿದ.

"ಇಷ್ಟೇ ಅಗಲಕ್ಕಾ? ಯಾರಿಗ್ರಿ ಇದು, ಮೊಲಕ್ಕೆ ಹೊದಿಸ್ತೀರೇನು?"

"ಇದಕ್ಕೆ" ಎಂದು ಮೇಷ್ಟ್ರು ಸ್ಲೇಟು ತೋರಿಸಿದರು.

"ಇದಕ್ಕೂ ಚಳಿ ಆಗ್ತೈತಾ ಮೇಷ್ಟ್ರೇ?"

"ಇದಕ್ಕಲ್ಲ ಕಣಜ್ಜ, ನನ್ನ ಕೈಗೆ" ಎಂದರು. ಅಜ್ಜ ಅವರ ಬೆರಳುಗಳನ್ನು ಒಮ್ಮೆ ನೋಡಿದ, ಆ ಅಳತೆಗೆ ಎಳೆ ಹೂಡಲು ಕೂತ.

ನೇಯ್ದು ಮುಗಿಸಿ ಪಟ್ಟಿಯನ್ನು ಮಗ್ಗದಿಂದ ಬಿಡಿಸುವಾಗ ಅಜ್ಜ ಕೊನೆಯ ಎಳೆಗಳನ್ನು ಕುಡುಗೋಲಿನಿಂದ ಕತ್ತರಿಸಿದ. ನಾನು ಕಾಯುತ್ತಿದ್ದದ್ದೇ ಅದಕ್ಕೆ.

"ಸಾ! ಕತ್ತರಿಸಿದ್ರಲ್ಲ! ಈಗೆಲ್ಲಿ ಹೋಯ್ತು ನಿಮ್ಮ ಶಾಸ್ತ್ರ?"

"ಅದು ಹೊಕ್ಕುಳ ಬಳ್ಳಿ ಕಣೋ ದಡ್ಡ. ಅದನ್ನ ಕತ್ತರಿಸಲೇಬೇಕು."

ನಾನು ಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ.

ಹೊಲಿಗೆ ನನ್ನದು. ಪರೀಕ್ಷೆ ಬರೆಯುವ ಹುಡುಗರು ಇಟ್ಟುಕೊಳ್ಳುವ ರಟ್ಟನ್ನು ಒಳಗೆ ಕೊಟ್ಟು, ಪಟ್ಟಿಯನ್ನು ಮಡಚಿ, ಮೂಲೆಗಳಿಗೆ ಎಲಾಸ್ಟಿಕ್ ಕೊಟ್ಟೆ. ಕಂಬಳಿಗೆ ಬಿಗಿ ಬರಲಿ ಎಂದು ಹುಣಸೆ ಬೀಜದ ಗಂಜಿ ಹಚ್ಚುವುದು ನಮ್ಮ ಕಡೆಯ ವಾಡಿಕೆ. ನಾನೂ ಬೀಜ ಹುರಿದು, ಬೀಸಿ, ಕುದಿಸಿ ಹಚ್ಚಿದೆ. ಕೈ ನನ್ನದಲ್ಲವೇ, ಸ್ವಲ್ಪ ಧಾರಾಳವಾಗಿಯೇ ಹಚ್ಚಿದೆ. ಬಿಸಿಲಿಗೆ ಒಣಗಿಸಿ, ಸ್ಲೇಟನ್ನು ಅದರೊಳಗೆ ಕೂರಿಸಿ, ಕಣ್ಣು ಮುಚ್ಚಿ ಕೂತ ಮೇಷ್ಟ್ರ ಕೈಗೆ ಇಟ್ಟೆ.

ಹೆಬ್ಬೆರಳು ಒಂದು ಸುತ್ತು ಬಂತು. ಇನ್ನೊಂದು ಸುತ್ತು. ಆಮೇಲೆ ಎಲ್ಲ ಬೆರಳುಗಳೂ ಒಟ್ಟಿಗೆ ಅದನ್ನು ಹಿಡಿದವು. ಅವರು ಕಣ್ಣು ಬಿಡಲೇ ಇಲ್ಲ.

"ಐತೆ" ಎಂದರು. "ಐತೆ ಕಣೋ. ಮರಿ ಮೈ ತಡವಿದಂಗೈತೆ."

ಅಕ್ಕ ಬಾಗಿಲಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ಮೆಲ್ಲಗೆ, "ಹೊಲಿಗೆ ಹೆಂಗೈತೆ ಸಾ?" ಎಂದೆ.

"ಗಂಜಿ ಜಾಸ್ತಿ ಆಗೈತೆ. ಬಲಗಡೆ ಮೂಲೆ ಕೊಂಚ ಮ್ಯಾಲೆ ಎದ್ದೈತೆ."

ಆ ಮೇಲಿನ ದಿನಗಳು ಚೆನ್ನಾಗಿದ್ದವು. ಮೇಷ್ಟ್ರು ಜಗಲಿಯಲ್ಲಿ ಕಂಬಳಿಯ ಸ್ಲೇಟು ಹಿಡಿದು ಓದುವರು, ನಡುವೆ ಒಂದೊಂದು ಸಾಲನ್ನು ನನಗೂ ಓದಿ ಹೇಳುವರು. "ಇಲ್ಲಿ ಒತ್ತಕ್ಷರ ತಪ್ಪೈತೆ. ಪೆನ್ಸಿಲು ಹಾಕಾಕೆ ಬರಲ್ಲ, ಅದೊಂದೇ ಕೊರತೆ ನೋಡು ಇದರಾಗೆ" ಎನ್ನುವರು. "ಸ್ಲೇಟು ಸರಿಹೋದಾಗಿಂದ ನನ್ನ ಸಾರಿನಾಗೆ ತಪ್ಪು ಹುಡುಕೋದು ಬಿಟ್ಟವ್ರೆ ಕಣಪ್ಪ" ಎಂದು ಅಕ್ಕ ಹೇಳುವರು. ಒಮ್ಮೆಯೂ ಅದು ಕೈಯಿಂದ ಜಾರಲಿಲ್ಲ. ನಾನು ಟೀ ಅಂಗಡಿಯಲ್ಲಿ ಕೂತು, ದುರ್ಗದಲ್ಲಿ ಸತ್ತ ಬೆರಳಿಗೆ ಜೀವ ಕೊಟ್ಟವನು ನಾನೊಬ್ಬನೇ ಎಂದು ಕೊಚ್ಚಿಕೊಂಡೆ. ಅಲ್ಲಿದ್ದವರಿಗೆಲ್ಲ ಅದನ್ನು ಎಷ್ಟು ಸಲ ಹೇಳಿದೆನೆಂದರೆ, ಕೊನೆಕೊನೆಗೆ ನಾನು ಬರುವುದನ್ನು ಕಂಡರೆ ಅವರು ಲೋಟ ಬಿಟ್ಟು ಏಳುತ್ತಿದ್ದರು.

ಗಂಜಿಯ ಬಗ್ಗೆ ಮೇಷ್ಟ್ರು ಹೇಳಿದ್ದು ನಿಜವಾಯಿತು. ಹುಣಸೆ ಬೀಜದ ವಾಸನೆಗೆ ಇಲಿ ಬಂತು. ಬಲಗಡೆಯ ಮೂಲೆಯನ್ನು ಚೆನ್ನಾಗಿ ಕಡಿದು ಹಾಕಿತು. ಅಕ್ಕ ನನ್ನನ್ನು ಕರೆದು, "ನೋಡು, ನಿನ್ನ ಅಡಿಗೆ ಇಲಿಗಾದ್ರೂ ರುಚಿಸೈತೆ" ಎಂದು ಕವರನ್ನೂ ಸ್ಲೇಟನ್ನೂ ಕೈಗಿಟ್ಟರು. ತೇಪೆಗೆ ಅದೇ ಬಣ್ಣದ ಉಣ್ಣೆ ಬೇಕಿತ್ತು. ಅಜ್ಜನಿಗೆ ಹೇಳಿ ಕಳಿಸಿದರೆ ಅವನು ಮಗಳ ಊರಿಗೆ ಹೋಗಿದ್ದ, ಬರುವುದು ತಡವಾಗುತ್ತದೆ ಎಂದು ತಿಳಿಯಿತು. ಅಷ್ಟು ದಿನ ಮೇಷ್ಟ್ರು ಓದದೆ ಇರಲಾರರು, ಬರಿಮೈ ಸ್ಲೇಟನ್ನು ಅವರ ಕೈಗೆ ಕೊಡಲೂ ಆಗದು. ಮನೆಯಲ್ಲಿ ಮುರಿದ ಛತ್ರಿಯೊಂದಿತ್ತು. ಅದರ ಕರೀ ಬಟ್ಟೆಯನ್ನು ಬಿಚ್ಚಿ, ಒಳಗೆ ರಟ್ಟು ಕೊಟ್ಟು, ತಾತ್ಕಾಲಿಕಕ್ಕೊಂದು ಕವರು ಹೊಲಿದೆ. ಬೀಳದಿರಲಿ ಎಂದು ಕುತ್ತಿಗೆಗೆ ಹಾಕಿಕೊಳ್ಳುವ ಹಾಗೆ ಒಂದು ದಾರವನ್ನೂ ಕೊಟ್ಟೆ.

ಛತ್ರಿಯ ಬಟ್ಟೆ ಎಂದರೆ ಗೊತ್ತಲ್ಲ, ನೀರೂ ನಿಲ್ಲದಷ್ಟು ನುಣುಪು. ಮುಟ್ಟಿದ ಕೂಡಲೇ ಮೇಷ್ಟ್ರು ಮುಖ ಸಿಂಡರಿಸಿ ಬೈಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಅದಕ್ಕೆ ಉತ್ತರವನ್ನೂ ದಾರಿಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. 'ಮಳೆ ಬಂದ್ರೆ ಬಿಚ್ಚಿ ತಲೆ ಮ್ಯಾಲೆ ಹಿಡ್ಕಳ್ರಿ ಸಾ' ಎನ್ನಬೇಕೆಂದಿದ್ದೆ.

ಸಂಜೆಯ ಬೆಳಕು ಕಡಿಮೆಯಾಗುತ್ತಿತ್ತು. ಮೇಷ್ಟ್ರು ಕನ್ನಡಕ ತೆಗೆದಿಟ್ಟು, ಬೆಟ್ಟದ ಕಡೆ ಮುಖ ಮಾಡಿ ಕೂತಿದ್ದರು.

"ಬಾರಪ್ಪ ಕ್ರಾಫ್ಟು. ತಂದ್ಯಾ?"

"ತಂದೆ ಸಾ" ಎಂದು ಅವರ ಕೈಗಿಟ್ಟೆ.

ಅವರು ನೋಡಲಿಲ್ಲ. ಹೆಬ್ಬೆರಳು ತನ್ನ ಅಭ್ಯಾಸದಂತೆ ಒಂದು ಸುತ್ತು ತಿರುಗಿತು. ಕಂಬಳಿಯ ಕವರಿನಲ್ಲಿ ಇಲಿ ಕಡಿದಿದ್ದ ಆ ಬಲಗಡೆಯ ಮೂಲೆಯ ಜಾಗದವರೆಗೆ ಹೋಯಿತು, ಅಲ್ಲಿ ಎರಡು ಸಲ ಸವರಿತು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ತೇಪೆ ಎಲ್ಲಿ ಹಾಕಿದ್ದಿ ಅಂತಾನೇ ಗೊತ್ತಾಗಲ್ಲ" ಎಂದರು. "ಬಿಸಿಲಿಗೆ ಹಾಕಿದ್ದೇನೋ? ಕಂಬಳಿ ಬೆಚ್ಚಗೈತೆ."

ನನ್ನ ಬಾಯಲ್ಲಿದ್ದ ತಮಾಷೆ ಅಲ್ಲೇ ಒಣಗಿತು. ಅವರ ಬೆರಳು ಕಂಬಳಿಯನ್ನು ಸವರುತ್ತಿರಲಿಲ್ಲ, ಕಂಬಳಿಯ ನೆನಪನ್ನು ಸವರುತ್ತಿತ್ತು. ಜೋಮು ಯಾವಾಗಲೋ ಆ ಉಣ್ಣೆಯನ್ನೂ ದಾಟಿ ಹೋಗಿತ್ತು. ಎಷ್ಟು ದಿನದಿಂದ ಹೀಗಿತ್ತೋ, ಅದು ಅವರಿಗೂ ತಿಳಿದಿರಲಿಲ್ಲ. ಊರವರನ್ನೆಲ್ಲ ಏಮಾರಿಸಿದವನು ನಾನು. ಏಮಾರಿಸಬೇಕು ಅಂದುಕೊಳ್ಳದೆ ಒಬ್ಬರನ್ನು ಏಮಾರಿಸಿದ್ದು ಅದೊಂದೇ ಸಲ.

ಟೀ ಹಿಡಿದು ಬಂದ ಅಕ್ಕ ಮೇಷ್ಟ್ರ ಕೈಯಲ್ಲಿದ್ದ ಛತ್ರಿ ಬಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಲೋಟವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದರು.

"ಹೊಲಿಗೆ ಚೆನ್ನಾಗೈತೆ ಕಣಪ್ಪ" ಎಂದರು ಮೇಷ್ಟ್ರು.

ನನಗೆ ತಡೆಯಲಾಗಲಿಲ್ಲ. ಅವರ ಪಕ್ಕ ಕೂತು, "ಎಲ್ಲಿ ಸಾ? ಸರಿಯಾಗಿ ನೋಡ್ರಿ. ಎಡಗಡೆ ಅಂಚಿನಾಗೆ ದಾರ ವಾರೆ ಹೋಗೈತೆ. ಇಲ್ಲಿ ನೋಡ್ರಿ, ಇಲ್ಲಿ" ಎಂದು ಅವರ ಹೆಬ್ಬೆರಳನ್ನು ಹಿಡಿದು ಅಂಚಿಗೆ ತಂದೆ.

ಅವರು ಸವರಿದರು. ಬೆಟ್ಟದ ಕಡೆ ನೋಡುತ್ತಲೇ ಇನ್ನೊಮ್ಮೆ ಸವರಿದರು.

"ಇರ್ಲಿ ಬಿಡಪ್ಪ, ಚೆನ್ನಾಗೈತೆ."